ಬೋರ್‌ವೆಲ್ ನೀರು ತುಂಬಿದ ಮನೆಯ ಈಜುಕೊಳ: ಮೊದಲ ಹತ್ತು ದಿನದ ಕೆಲಸ

ಬೇಳೆ ಬೇಯದ ನೀರು, ಸೋಪು ನೊರೆಯಾಗದ ನೀರು, ಗೀಸರಿನ ಕಾಯಿಲಿಗೆ ವರ್ಷದೊಳಗೆ ಬಿಳಿ ಹರಳು ಕಟ್ಟುವ ನೀರು. ಬೆಂಗಳೂರಿನ ಹೊರವಲಯದಲ್ಲಿ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ತೋಟದ ಮನೆಗಳಲ್ಲಿ ಈಜುಕೊಳಕ್ಕೆ ಬೀಳುವುದು ಹೆಚ್ಚಾಗಿ ಇದೇ ನೀರು. ತುಂಬಿದ ದಿನ ತಳ ಕನ್ನಡಿಯ ಹಾಗೆ ಕಾಣುತ್ತದೆ. ಮರುದಿನ ಕ್ಲೋರಿನ್ ಸುರಿದ ಮೇಲೆ ನೀರುಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತದೆ. ಯಾರೋ ಹೇಳಿದರೆಂದು ಸೋಡಾ ಹಾಕಿದರೆ ಇನ್ನಷ್ಟು ಬೆಳ್ಳಗಾಗುತ್ತದೆ. ವಾರ ಕಳೆಯುವಷ್ಟರಲ್ಲಿ ನೀರಿನ ಮಟ್ಟಕ್ಕೆ ಸರಿಯಾಗಿ ಟೈಲ್ಸ್ ಮೇಲೆ ಒರಟು ಬಿಳಿ ಗೆರೆ ಮೂಡಿರುತ್ತದೆ.

ಈಜುಕೊಳದ ಬಗ್ಗೆ ಸಿಗುವ ಸೂಚನೆಗಳಲ್ಲಿ ಬಹಳಷ್ಟು ‘ಮೊದಲು ಸೋಡಾ ಹಾಕಿ ಕ್ಷಾರೀಯತೆ ಏರಿಸಿ’ ಎಂದೇ ಶುರುವಾಗುತ್ತವೆ. ಅವು ಮೆದು ನೀರಿಗೆ ಬರೆದವು. ಕ್ಷಾರೀಯತೆ ಎಂದರೆ ಹಾಕಿದ ಆ್ಯಸಿಡ್ಡನ್ನು ನುಂಗಿಕೊಳ್ಳುವ ಬೈಕಾರ್ಬೋನೇಟ್ ನೀರಿನಲ್ಲಿ ಎಷ್ಟಿದೆ ಎಂಬ ಅಳತೆ. ಬಯಲುಸೀಮೆಯ ಬೋರ್‌ವೆಲ್ ನೀರಿಗೆ ಕ್ಷಾರೀಯತೆ ಬೇಕಾದ್ದಕ್ಕಿಂತ ಮೂರು ಪಟ್ಟು, ನಾಲ್ಕು ಪಟ್ಟು ಮೊದಲೇ ಇರುತ್ತದೆ. ಅಲ್ಲಿ ಬೇಕಾದವು ಎರಡೇ: ಆ್ಯಸಿಡ್ ಮತ್ತು ಗಾಳಿ. ಇವೆರಡನ್ನೂ ತಾಳ್ಮೆಯಿಂದ, ಅಳತೆ ಹಿಡಿದು ಕೊಟ್ಟರೆ ಹತ್ತು ದಿನದೊಳಗೆ ನೀರು ಹದಕ್ಕೆ ಬರುತ್ತದೆ, ಆಮೇಲೆ ವರ್ಷಗಟ್ಟಲೆ ಕೊಳ ಖಾಲಿ ಮಾಡುವ ಪ್ರಮೇಯ ಬರುವುದಿಲ್ಲ. ನಮ್ಮ ಕಡೆ ಇದು ಚಿಕ್ಕ ವಿಷಯವಲ್ಲ. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರವಾದಾಗ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಒಮ್ಮೆ ತುಂಬಿದ ನೀರನ್ನು ಕೆಡಿಸಿ ಚರಂಡಿಗೆ ಬಿಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಮೊದಲು ಲೀಟರ್ ಲೆಕ್ಕ

ಕೊಳದಲ್ಲಿ ಎಷ್ಟು ಲೀಟರ್ ಇದೆ ಎಂದು ಗೊತ್ತಿಲ್ಲದೆ ಯಾವುದನ್ನೂ ಹಾಕಬೇಡಿ. ಉದ್ದ, ಅಗಲ, ಸರಾಸರಿ ಆಳವನ್ನು ಮೀಟರಿನಲ್ಲಿ ಗುಣಿಸಿ, ಬಂದದ್ದನ್ನು 1,000ದಿಂದ ಗುಣಿಸಿ. ಇಲ್ಲಿ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: 8 ಮೀಟರ್ ಉದ್ದ, 4 ಮೀಟರ್ ಅಗಲ, ಒಂದು ತುದಿಯಲ್ಲಿ 1 ಮೀಟರ್, ಇನ್ನೊಂದು ತುದಿಯಲ್ಲಿ 1.5 ಮೀಟರ್ ಆಳ. ಸರಾಸರಿ 1.25, ಒಟ್ಟು 40,000 ಲೀಟರ್. ಟ್ಯಾಂಕರುಗಳನ್ನು ಎಣಿಸಿ ಲೆಕ್ಕ ಹಾಕಬೇಡಿ, 6,000 ಲೀಟರ್ ಎಂದು ಬಂದ ಟ್ಯಾಂಕರ್ ಯಾವಾಗಲೂ ಕಂಠದವರೆಗೆ ತುಂಬಿರುವುದಿಲ್ಲ. ಅಳೆಯಬೇಕಾದ ಆಳ ಗೋಡೆಯ ಎತ್ತರದ್ದಲ್ಲ, ನೀರಿನದ್ದು.

ಪಿಪಿಎಂ ಎಂದರೆ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದರ್ಥ. ಹಾಗಾಗಿ 40,000 ಲೀಟರಿನಲ್ಲಿ 1 ಪಿಪಿಎಂ ಎಂದರೆ 40 ಗ್ರಾಂ. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ತುಂಬುವ ಮುಂಚೆ ಎರಡು ಬಕೆಟ್ ಪರೀಕ್ಷೆ

ಮೋಟರ್ ಹಾಕಿ ಹತ್ತು ನಿಮಿಷ ನೀರು ಬಿಟ್ಟು, ಆಮೇಲೆ ಒಂದು ಬಾಟಲಿ ಬಾಯಿಮಟ್ಟ ತುಂಬಿ ಮುಚ್ಚಿ. ತಕ್ಷಣ ಅದರ ಪಿಎಚ್ (ನೀರು ಹುಳಿಯೋ ಕ್ಷಾರವೋ ಎಂದು ಹೇಳುವ ಅಂಕಿ, 7 ನಡುಮಟ್ಟ) ನೋಡಿ. ಬೋರ್‌ವೆಲ್ ನೀರು ಬಹಳ ಸಲ 7.0, 7.2 ತೋರಿಸುತ್ತದೆ, ‘ಪಿಎಚ್ ಸರಿಯಾಗೇ ಇದೆಯಲ್ಲ’ ಅನ್ನಿಸುತ್ತದೆ. ಅಲ್ಲೇ ಮೋಸ ಹೋಗುವುದು. ಅದೇ ನೀರನ್ನು ಒಂದು ಬಕೆಟ್ ಹಿಡಿದು, ಹೋಟೆಲಿನಲ್ಲಿ ಟೀ ಎತ್ತಿ ಸುರಿಯುವ ಹಾಗೆ ಎರಡು ಬಕೆಟ್‌ಗಳ ನಡುವೆ ಮೂವತ್ತು ನಲವತ್ತು ಸಲ ಎತ್ತಿ ಸುರಿಯಿರಿ. ಈಗ ಪಿಎಚ್ ನೋಡಿದರೆ ಸಾಕಷ್ಟು ಏರಿರುತ್ತದೆ, ಒಂದು ದಿನ ಬಿಟ್ಟು ನೋಡಿದರೆ 8.2, 8.3 ಮುಟ್ಟಿರುತ್ತದೆ. ನೆಲದೊಳಗೆ ಒತ್ತಡದಲ್ಲಿದ್ದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಗೋಲಿಸೋಡಾ ತೆರೆದಿಟ್ಟರೆ ಗ್ಯಾಸ್ ಹೋಗುವ ಹಾಗೆ, ಮೇಲೆ ಬಂದ ನೀರಿನಿಂದಲೂ ಅದು ಹೋಗುತ್ತದೆ, ಹೋದಂತೆಲ್ಲ ಪಿಎಚ್ ಏರುತ್ತದೆ. ಕೊಳದಲ್ಲಿ ಮೊದಲ ಎರಡು ದಿನ ನಡೆಯುವುದೂ ಇದೇ. ಪಿಎಚ್ ಏರಿದಾಗ ಕ್ಯಾಲ್ಸಿಯಂ ಕಾರ್ಬೋನೇಟ್ ಕರಗಿರಲಾರದೆ ಹೊರಬೀಳುತ್ತದೆ. ಆ ಬಿಳಿ ಮಬ್ಬು ಕೊಳೆಯಲ್ಲ, ಕ್ಲೋರಿನ್ ಸಾಲದೆ ಬಂದದ್ದೂ ಅಲ್ಲ, ಸುಣ್ಣ.

ಎರಡನೆಯ ಬಕೆಟ್ ಕಬ್ಬಿಣಕ್ಕೆ. ಬಿಳಿ ಬಕೆಟ್ಟಿನಲ್ಲಿ ಹತ್ತು ಲೀಟರ್ ನೀರು ತೆಗೆದು, ದ್ರವ ಕ್ಲೋರಿನ್ ನಾಲ್ಕೈದು ಹನಿ ಬಿಟ್ಟು ಕಲಕಿ, ಒಂದು ಗಂಟೆ ಬಿಡಿ. ತಿಳಿಯಾಗೇ ಉಳಿದರೆ ಚಿಂತೆಯಿಲ್ಲ. ಹಾಲಿಲ್ಲದ ಟೀ ಬಣ್ಣ ಬಂದರೆ ಕಬ್ಬಿಣವಿದೆ. ಹಾಗಿದ್ದರೆ ಕೊಳಕ್ಕೆ ನೇರ ತುಂಬದೆ, ಕಬ್ಬಿಣ ತೆಗೆಯುವ ಫಿಲ್ಟರ್ ಮೂಲಕ ಹಾಯಿಸಿ ತುಂಬಿ, ಅಥವಾ ಬೇರೆ ಮೂಲ ಹುಡುಕಿ. ಕಬ್ಬಿಣವಿರುವ ನೀರಿಗೆ ಮೊದಲ ದಿನವೇ ಭಾರಿ ಕ್ಲೋರಿನ್ ಸುರಿದರೆ ಆ ಬಣ್ಣ ಗೋಡೆಗೆ ಹೋಗಿ ಕೂರುತ್ತದೆ, ತೆಗೆಯುವುದು ಕಷ್ಟ.

ಟೆಸ್ಟ್ ಕಿಟ್: ಇಲ್ಲಿ ಉಳಿತಾಯ ಬೇಡ

ಮನೆಯಲ್ಲಿ ಕುಡಿಯುವ ನೀರಿಗೆಂದು ಇಟ್ಟುಕೊಂಡ ಟಿಡಿಎಸ್ ಪೆನ್ನು ಈ ಕೆಲಸಕ್ಕೆ ಬರುವುದಿಲ್ಲ. ಅದು ಕರಗಿದ ಒಟ್ಟು ಲವಣದ ಅಂದಾಜು ಹೇಳುತ್ತದೆ, ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಬೈಕಾರ್ಬೋನೇಟ್ ಎಷ್ಟು ಎಂದು ಹೇಳುವುದಿಲ್ಲ. ಬೇಕಾದದ್ದು ಹನಿ ಹಾಕಿ ಬಣ್ಣ ನೋಡುವ ಕಿಟ್. ಪಿಎಚ್, ಫ್ರೀ ಕ್ಲೋರಿನ್, ಒಟ್ಟು ಕ್ಷಾರೀಯತೆ, ಕ್ಯಾಲ್ಸಿಯಂ ಗಡಸುತನ, ಸಯನ್ಯೂರಿಕ್ ಆ್ಯಸಿಡ್ (ಕ್ಲೋರಿನ್ ಬಿಸಿಲಿಗೆ ಹಾಳಾಗದಂತೆ ಕಾಯುವ ಪುಡಿ) ಈ ಐದನ್ನೂ ಅಳೆಯುವಂಥದ್ದು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ಕ್ಲೋರಿನ್‌ಗೆ ಹಳದಿ ಬಣ್ಣ ತೋರಿಸುವ ಕಿಟ್ ಒಟ್ಟು ಕ್ಲೋರಿನ್ ಮಾತ್ರ ಹೇಳುತ್ತದೆ. ಕೆಲಸ ಮಾಡುವ ಫ್ರೀ ಕ್ಲೋರಿನ್ ಬೇರೆಯಾಗಿ ತಿಳಿಯಬೇಕಾದರೆ ಗುಲಾಬಿ ಬಣ್ಣ ಕೊಡುವ ಡಿಪಿಡಿ ಕಿಟ್ ಬೇಕು. ಕಾಗದದ ಪಟ್ಟಿಗಳು ಮಳೆಗಾಲದ ತೇವಕ್ಕೆ ಬೇಗ ಕೆಡುತ್ತವೆ.

ಮೊಣಕೈ ಮುಳುಗುವಷ್ಟು ಆಳದಿಂದ, ನೀರು ವಾಪಸ್ ಬರುವ ನಾಝಲ್‌ಗಳಿಂದ ದೂರ ನಿಂತು ಸ್ಯಾಂಪಲ್ ತೆಗೆಯಿರಿ. ಕ್ಷಾರೀಯತೆ ಅಳೆಯುವಾಗ ಹನಿ ಬಾಟಲಿಯನ್ನು ನೆಟ್ಟಗೆ ಹಿಡಿಯಿರಿ, ಓರೆ ಹಿಡಿದರೆ ಹನಿಯ ಗಾತ್ರ ಬದಲಾಗಿ ಲೆಕ್ಕ ತಪ್ಪುತ್ತದೆ. ಸೂಚಕ ದ್ರವ ಹಾಕಿ ಹಸಿರಾಗಿರುವ ನೀರು ಹನಿ ಬಿದ್ದಲ್ಲಿ ಒಂದು ಕ್ಷಣ ಕೆಂಪಾಗಿ ಮತ್ತೆ ಹಸಿರಾಗುತ್ತದೆ. ಅಲ್ಲಾಡಿಸುತ್ತ ಹೋಗಿ, ಪೂರ್ತಿ ಕೆಂಪಾಗಿ, ಇನ್ನೊಂದು ಹನಿ ಹಾಕಿದರೂ ಬಣ್ಣ ಬದಲಾಗದೆ ನಿಂತಾಗ ಆ ಕೊನೆಯ ಹನಿಯನ್ನು ಬಿಟ್ಟು ಎಣಿಸಿ. ಸಾಮಾನ್ಯವಾಗಿ ಒಂದು ಹನಿಗೆ 10 ಪಿಪಿಎಂ, ನಿಮ್ಮ ಕಿಟ್ಟಿನ ಚೀಟಿ ನೋಡಿಕೊಳ್ಳಿ. ಬೋರ್‌ವೆಲ್ ನೀರಿಗೆ 32 ಹನಿ ಬಿದ್ದರೆ ಗಾಬರಿಯಾಗಬೇಡಿ, ಕಿಟ್ ಕೆಟ್ಟಿಲ್ಲ.

ಕ್ಲೋರಿನ್ 10 ಪಿಪಿಎಂ ದಾಟಿದ್ದಾಗ ಎರಡು ಪರೀಕ್ಷೆಗಳು ಸುಳ್ಳು ಹೇಳುತ್ತವೆ. ಡಿಪಿಡಿಯ ಗುಲಾಬಿ ಬಣ್ಣವೇ ಬಿಳಿಚಿ ‘ಕ್ಲೋರಿನ್ ಇಲ್ಲ’ ಎಂಬಂತೆ ಕಾಣುತ್ತದೆ, ಪಿಎಚ್ ನೋಡುವ ಫಿನಾಲ್ ರೆಡ್ ನೇರಳೆಗೆ ತಿರುಗಿ ‘ಪಿಎಚ್ ವಿಪರೀತ’ ಎಂದು ತೋರಿಸುತ್ತದೆ. ಅನುಮಾನ ಬಂದರೆ ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಬಾಟಲಿ ನೀರು ಸೇರಿಸಿ ಕ್ಲೋರಿನ್ ನೋಡಿ, ಬಂದದ್ದನ್ನು ಐದರಿಂದ ಗುಣಿಸಿ.

ಎಲ್ಲಿಗೆ ಮುಟ್ಟಬೇಕು

ನಮ್ಮ ಉದಾಹರಣೆಯ ನೀರು ಹೀಗಿದೆ ಎನ್ನೋಣ: ಕ್ಷಾರೀಯತೆ 320, ಕ್ಯಾಲ್ಸಿಯಂ ಗಡಸುತನ 300, ಗಾಳಿ ತಾಗಿದ ಮೇಲೆ ಪಿಎಚ್ 8.2, ಕಬ್ಬಿಣ ಇಲ್ಲ. ಮುಟ್ಟಬೇಕಾದದ್ದು ಪಿಎಚ್ 7.2ರಿಂದ 7.6, ಕ್ಷಾರೀಯತೆ 80ರ ಸುತ್ತ, ಬಿಸಿಲಿನ ಕೊಳವಾದರೆ ಸಯನ್ಯೂರಿಕ್ ಆ್ಯಸಿಡ್ 30ರಿಂದ 50, ಫ್ರೀ ಕ್ಲೋರಿನ್ 2ರಿಂದ 4. ಕ್ಯಾಲ್ಸಿಯಂ 200ರಿಂದ 400ರೊಳಗಿದ್ದರೆ ಮುಟ್ಟುವುದು ಬೇಡ.

ಈ ಅಂಕಿಗಳು ಒಂದಕ್ಕೊಂದು ಕಟ್ಟಿಕೊಂಡಿವೆ. ನೀರು ಸುಣ್ಣ ಕಟ್ಟುತ್ತದೆಯೇ ಅಥವಾ ಗ್ರೌಟನ್ನು (ಟೈಲ್ಸ್ ಸಂದಿನ ಸಿಮೆಂಟನ್ನು) ತಿನ್ನುತ್ತದೆಯೇ ಎಂದು ತಿಳಿಯಲು ಲ್ಯಾಂಗ್ಲಿಯರ್ ಸೂಚ್ಯಂಕವಿದೆ. ಪಿಎಚ್‌ಗೆ ಮೂರು ಸಂಖ್ಯೆ ಕೂಡಿ 12.1 ಕಳೆಯಬೇಕು. ನೀರು 28 ಡಿಗ್ರಿ ಇದ್ದರೆ ಉಷ್ಣಾಂಶಕ್ಕೆ 0.7. ಕ್ಯಾಲ್ಸಿಯಂ 200ಕ್ಕೆ 1.9, 300ಕ್ಕೆ 2.1, 400ಕ್ಕೆ 2.2. ಕ್ಷಾರೀಯತೆ 80ಕ್ಕೆ 1.9, 100ಕ್ಕೆ 2.0, 300ರ ಸುತ್ತ 2.5. ತುಂಬಿದ ನೀರಿಗೆ 8.2 + 0.7 + 2.1 + 2.5 − 12.1, ಅಂದರೆ 1.4. ಸೊನ್ನೆಯ ಆಚೀಚೆ 0.3ರೊಳಗೆ ಇರಬೇಕಾದದ್ದು 1.4 ಇದ್ದರೆ ಸುಣ್ಣ ಕಟ್ಟದೆ ಇರುವುದಿಲ್ಲ. ಕ್ಷಾರೀಯತೆ 80ಕ್ಕೆ, ಪಿಎಚ್ 7.5ಕ್ಕೆ ಇಳಿಸಿದರೆ ಅದೇ ಲೆಕ್ಕ 0.1ಕ್ಕೆ ಬರುತ್ತದೆ. ಕ್ಯಾಲ್ಸಿಯಂ ಒಂದು ಗ್ರಾಂ ಕೂಡ ತೆಗೆಯದೆ ನೀರು ಹದವಾಯಿತು. ಗಡಸು ನೀರಿನ ಕೊಳ ನಡೆಸುವವರು ತಿಳಿದಿರಬೇಕಾದದ್ದು ಇದನ್ನೇ: ಗಡಸುತನದ ಜೊತೆ ಗುದ್ದಾಡಬೇಡಿ, ಕ್ಷಾರೀಯತೆಯನ್ನು ಇಳಿಸಿ.

ಆ್ಯಸಿಡ್ ಮತ್ತು ಗಾಳಿ

ಕೊಳಕ್ಕೆ ಬೇಕಾದದ್ದು 30ರಿಂದ 33 ಶೇಕಡದ ಹೈಡ್ರೋಕ್ಲೋರಿಕ್ ಆ್ಯಸಿಡ್, ಕ್ಯಾನಿನಲ್ಲಿ ಸಿಗುತ್ತದೆ. ಬಾತ್‌ರೂಮ್ ತೊಳೆಯುವ ಬಾಟಲಿಗಳು ಬೇಡ. ಅವುಗಳಲ್ಲಿ ಆ್ಯಸಿಡ್ ಕಡಿಮೆ, ಬಣ್ಣ, ಸುವಾಸನೆ, ನೊರೆಯ ವಸ್ತು ಹೆಚ್ಚು.

10,000 ಲೀಟರ್ ನೀರಿನ ಕ್ಷಾರೀಯತೆ 10 ಪಿಪಿಎಂ ಇಳಿಯಲು ಸುಮಾರು 200 ಮಿಲಿಲೀಟರ್ ಆ್ಯಸಿಡ್ ಬೇಕು. 40,000 ಲೀಟರಿಗೆ 800 ಮಿಲಿ. ನಾವು 320ರಿಂದ 80ಕ್ಕೆ, ಅಂದರೆ 240 ಇಳಿಸಬೇಕು. ಲೆಕ್ಕ 19 ಲೀಟರಿಗೆ ಹೋಗಿ ನಿಲ್ಲುತ್ತದೆ. ಈ ಅಂಕಿ ನೋಡಿ ಬಹಳ ಜನ ಬೆಚ್ಚಿಬೀಳುತ್ತಾರೆ, ಎಲ್ಲೋ ತಪ್ಪಾಗಿದೆ ಎಂದುಕೊಂಡು ಎರಡು ಲೀಟರ್ ಹಾಕಿ ಕೈಬಿಡುತ್ತಾರೆ. ತಪ್ಪಿಲ್ಲ. ಆದರೆ 19 ಲೀಟರನ್ನೂ ಒಂದೇ ಸಲ ಸುರಿಯುವ ಹಾಗಿಲ್ಲ, ಸುರಿದರೆ ಪಿಎಚ್ ಪಾತಾಳಕ್ಕೆ ಹೋಗಿ ಗ್ರೌಟ್, ಪಂಪಿನ ಸೀಲು, ಏಣಿಯ ಸ್ಟೀಲು ಎಲ್ಲಕ್ಕೂ ಪೆಟ್ಟು.

ಮೊದಲ ದಿನ ಪಂಪ್ 24 ಗಂಟೆ ಓಡಲಿ. ಮರುದಿನ ಬೆಳಗ್ಗೆ ಪಿಎಚ್ 8.2 ಇರುವಾಗ 2 ಲೀಟರ್ ಆ್ಯಸಿಡ್ ಹಾಕಿದರೆ ಪಿಎಚ್ 7.3ರ ಸುತ್ತ ಇಳಿಯುತ್ತದೆ, ಕ್ಷಾರೀಯತೆ 25 ಕಡಿಮೆಯಾಗುತ್ತದೆ. ಈಗ ನೀರಿನಲ್ಲಿ ಮತ್ತೆ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿದೆ. ಅದನ್ನು ಗಾಳಿಗೆ ಬಿಡಿಸಬೇಕು. ವಾಪಸ್ ನೀರಿನ ನಾಝಲ್‌ಗಳನ್ನು ಮೇಲಕ್ಕೆ ತಿರುಗಿಸಿ, ನೀರಿನ ಮೇಲ್ಮೈ ಕುದಿಯುವ ಹಾಗೆ ಕಾಣಬೇಕು. ಕಾರಂಜಿ, ಜಲಪಾತ ಇದ್ದರೆ ಹಗಲಿರುಳು ಓಡಿಸಿ. ಏನೂ ಇಲ್ಲದಿದ್ದರೆ ಅರ್ಧ ಇಂಚಿನ ಪಿವಿಸಿ ಪೈಪಿಗೆ ಸಣ್ಣ ತೂತು ಕೊರೆದು, ತುದಿ ಮುಚ್ಚಿ, ಒಂದು ಚಿಕ್ಕ ಸಬ್‌ಮರ್ಸಿಬಲ್ ಪಂಪಿಗೆ ಜೋಡಿಸಿ ಕೊಳದ ಮೇಲೆ ಅಡ್ಡ ಇಟ್ಟರೆ ತುಂತುರಾಗಿ ಬೀಳುತ್ತದೆ. ಹನಿ ಸಣ್ಣದಾದಷ್ಟೂ ಒಳ್ಳೆಯದು. ಪಿಎಚ್ ತಾನಾಗಿ 7.8ರ ಹತ್ತಿರ ಏರುತ್ತದೆ, ಆದರೆ ಇಳಿದ ಕ್ಷಾರೀಯತೆ ಮತ್ತೆ ಏರುವುದಿಲ್ಲ. ಆಗ ಇನ್ನೊಂದು ಸಲ ಆ್ಯಸಿಡ್. ಗಾಳಿ ಚೆನ್ನಾಗಿ ಸಿಕ್ಕರೆ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹಾಕಬಹುದು, ಒಂದು ವಾರದಲ್ಲಿ ಮುಗಿಯುತ್ತದೆ. ಗಾಳಿಯಿಲ್ಲದೆ ಬರೀ ಆ್ಯಸಿಡ್ ಹಾಕುತ್ತ ಕುಳಿತರೆ ತಿಂಗಳಾದರೂ ಆಗದು.

ಕ್ಷಾರೀಯತೆ 160ಕ್ಕಿಂತ ಕೆಳಗೆ ಬಂದ ಮೇಲೆ ಒಂದು ಸಲಕ್ಕೆ 1 ಲೀಟರಿಗೆ ಇಳಿಯಿರಿ. ಕ್ಷಾರೀಯತೆ ಎಂದರೆ ಪಿಎಚ್ ಏರಿಳಿಯದಂತೆ ಹಿಡಿದಿಡುವ ಶಕ್ತಿ. ಅದು 320 ಇದ್ದಾಗ 2 ಲೀಟರ್ ಆ್ಯಸಿಡ್ 7.3ಕ್ಕೆ ತಂದು ನಿಲ್ಲಿಸಿತ್ತು. 120 ಇದ್ದಾಗ ಅದೇ 2 ಲೀಟರ್ 7ರ ಕೆಳಗೆ ತಳ್ಳುತ್ತದೆ. ಪಿಎಚ್ 7.0 ಲಕ್ಷ್ಮಣರೇಖೆ, ಅದರ ಕೆಳಗೆ ಹೋಗಬೇಡಿ. ಸೋಲಾರ್ ಅಥವಾ ಹೀಟ್ ಪಂಪ್ ಜೋಡಿಸಿದ್ದು ಅದರೊಳಗೆ ತಾಮ್ರವಿದ್ದರೆ, ಅದು ಕರಗಿ ನೀರು ಹಸಿರಾಗಬಹುದು.

ಆ್ಯಸಿಡನ್ನು ಒಂದೇ ಜಾಗದಲ್ಲಿ ರಾಶಿಯಾಗಿ ಸುರಿದರೆ ಕ್ಷಾರೀಯತೆ ಮಾತ್ರ ಇಳಿಯುತ್ತದೆ, ಹರಡಿ ಸುರಿದರೆ ಪಿಎಚ್ ಮಾತ್ರ ಇಳಿಯುತ್ತದೆ ಎಂಬ ಮಾತು ಈ ಕೆಲಸದವರಲ್ಲಿ ಚಾಲ್ತಿಯಲ್ಲಿದೆ. ನಂಬಬೇಡಿ. ಹೇಗೆ ಸುರಿದರೂ ಅಷ್ಟೇ ಆ್ಯಸಿಡ್ ಅಷ್ಟೇ ಕೆಲಸ ಮಾಡುತ್ತದೆ, ರಾಶಿ ಸುರಿದ ಜಾಗದ ಗ್ರೌಟ್ ಮಾತ್ರ ಸುಟ್ಟುಹೋಗುತ್ತದೆ.

ಹಾಕುವ ವಿಧಾನ: ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು 15 ಲೀಟರ್ ಕೊಳದ ನೀರು, ಆಮೇಲೆ ಅದಕ್ಕೆ ಆ್ಯಸಿಡ್. ಆ್ಯಸಿಡ್ಡಿಗೆ ನೀರು ಸುರಿಯಬೇಡಿ, ಸಿಡಿಯುತ್ತದೆ. ಗಾಳಿ ಬೆನ್ನಿಗೆ ಬರುವಂತೆ ನಿಂತು, ಪಂಪ್ ಓಡುತ್ತಿರುವಾಗ, ಆಳದ ಕಡೆ, ಏಣಿಯಿಂದ ದೂರ, ನೀರಿಗೆ ಹತ್ತಿರ ಬಗ್ಗಿ ನಿಧಾನವಾಗಿ ಸುರಿಯುತ್ತ ನಡೆಯಿರಿ. ಸ್ಕಿಮ್ಮರ್ (ಮೇಲ್ಮೈ ಕಸ ಎಳೆದುಕೊಳ್ಳುವ ಬಾಯಿ) ಒಳಗೆ ಸುರಿಯಬೇಡಿ. ಆಮೇಲೆ ಬ್ರಶ್ಶಿನಿಂದ ತಳ ಕಲಕಿ, ಆ್ಯಸಿಡ್ ನೀರಿಗಿಂತ ಭಾರ, ತಳದಲ್ಲಿ ಕೂರುತ್ತದೆ.

ಈ ದಿನಗಳಲ್ಲಿ ಕ್ಲೋರಿನ್

ವಾರವಿಡೀ ಕ್ಲೋರಿನ್ ಇಲ್ಲದೆ ಬಿಟ್ಟರೆ 28 ಡಿಗ್ರಿಯ ನೀರಿನಲ್ಲಿ ಪಾಚಿ ಹುಟ್ಟದೆ ಇರದು. ಕಬ್ಬಿಣವಿಲ್ಲ ಎಂದು ಖಾತ್ರಿಯಾಗಿದ್ದರೆ ಮೊದಲ ಸಂಜೆಯಿಂದಲೇ ದಿನಕ್ಕೆ 2 ಪಿಪಿಎಂ ಕೊಡಿ. 10 ಶೇಕಡದ ದ್ರವ ಕ್ಲೋರಿನ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್, 40,000 ಲೀಟರಿಗೆ 400 ಮಿಲಿ ಹಾಕಿದರೆ 1 ಪಿಪಿಎಂ. ದಿನಕ್ಕೆ 800 ಮಿಲಿ ಸಾಕು. ಬೆಳಗ್ಗೆ ಮಧ್ಯಾಹ್ನ ಆ್ಯಸಿಡ್, ಸೂರ್ಯ ಮುಳುಗಿದ ಮೇಲೆ ಕ್ಲೋರಿನ್ ಎಂದು ಕಟ್ಟುನಿಟ್ಟು ಮಾಡಿಕೊಂಡರೆ ಎರಡೂ ಒಂದೆಡೆ ಸೇರುವ ಅಪಾಯ ತಪ್ಪುತ್ತದೆ. ಆ್ಯಸಿಡ್ಡಿಗೆ ಹೈಪೋಕ್ಲೋರೈಟ್ ತಾಗಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ಒಂದರ ಮಗ್ಗು ಇನ್ನೊಂದಕ್ಕೆ ಬಳಸಬೇಡಿ, ಎರಡರ ಕ್ಯಾನುಗಳನ್ನು ಒಂದೇ ಕಪಾಟಿನಲ್ಲಿ ಇಡಬೇಡಿ.

ಯಾವ ಕ್ಲೋರಿನ್ ಎಂಬುದು ಗಡಸು ನೀರಿನ ಕೊಳಕ್ಕೆ ಮುಖ್ಯ. ಬ್ಲೀಚಿಂಗ್ ಪೌಡರ್ ಸುಣ್ಣದಿಂದಲೇ ಮಾಡಿದ್ದು, ಅದನ್ನು ಹಾಕುವುದೆಂದರೆ ಸುಣ್ಣದ ನೀರಿಗೆ ಇನ್ನಷ್ಟು ಸುಣ್ಣ. ಗತ್ಯಂತರವಿಲ್ಲದಿದ್ದರೆ ಹಿಂದಿನ ರಾತ್ರಿ ಬಕೆಟ್ಟಿನಲ್ಲಿ ಕದಡಿ ಮುಚ್ಚಿಟ್ಟು, ಬೆಳಗ್ಗೆ ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿ, ತಳದ ಗಸಿ ಬಿಡಿ. 65 ಶೇಕಡದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳು ಚೆನ್ನಾಗಿ ಕರಗುತ್ತದೆ, ಆದರೂ 1 ಪಿಪಿಎಂ ಕ್ಲೋರಿನ್ ಜೊತೆ 0.7 ಪಿಪಿಎಂ ಗಡಸುತನ ತರುತ್ತದೆ. ಟಿಸಿಸಿಎ (ಟ್ರೈಕ್ಲೋರೋಐಸೋಸಯನ್ಯೂರಿಕ್ ಆ್ಯಸಿಡ್) ಎಂಬ ಕ್ಲೋರಿನ್ ಮಾತ್ರೆ ಸುಣ್ಣ ತರುವುದಿಲ್ಲ, ಹುಳಿಯಾಗಿರುವುದರಿಂದ ನಮ್ಮ ನೀರಿಗೆ ಒಂದು ಮಟ್ಟಕ್ಕೆ ಅನುಕೂಲವೇ, ಆದರೆ 1 ಪಿಪಿಎಂ ಕ್ಲೋರಿನ್‌ಗೆ 0.6 ಪಿಪಿಎಂ ಸಯನ್ಯೂರಿಕ್ ಆ್ಯಸಿಡ್ ಬಿಟ್ಟುಹೋಗುತ್ತದೆ, ಅದು ಆವಿಯಾಗುವುದಿಲ್ಲ. ದಿನಕ್ಕೆ 2 ಪಿಪಿಎಂನಂತೆ ಎರಡು ತಿಂಗಳು ಹಾಕಿದರೆ 70ರ ಮೇಲಾಗುತ್ತದೆ, ಕ್ಲೋರಿನ್ ಇದ್ದೂ ಮಂಕಾಗುತ್ತದೆ. ಹಾಗಾಗಿ ದಿನನಿತ್ಯಕ್ಕೆ ದ್ರವ ಕ್ಲೋರಿನ್ನೇ ಲೇಸು. ತಾಜಾ ಕ್ಯಾನ್ ಕೇಳಿ ತನ್ನಿ, ನೆರಳಿನಲ್ಲಿಡಿ. ಬೇಸಿಗೆಯಲ್ಲಿ ಬಿಸಿಲಿಗೆ ಬಿಟ್ಟ ಕ್ಯಾನಿನ ಶಕ್ತಿ ವಾರಗಳಲ್ಲೇ ಕುಗ್ಗುತ್ತದೆ. ಟಿಸಿಸಿಎ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಒಣದಾಗಿ ಬೆರೆತರೆ ಬೆಂಕಿ ಹತ್ತಬಹುದು, ಒಂದೇ ಡೋಸರಿನಲ್ಲಿ (ಕ್ಲೋರಿನ್ ಬಿಡುವ ಡಬ್ಬಿಯಲ್ಲಿ) ಎರಡನ್ನೂ ಬಳಸಲೇಬಾರದು.

ಬಯಲಿನ ಕೊಳದಲ್ಲಿ ಸಯನ್ಯೂರಿಕ್ ಆ್ಯಸಿಡ್ ಇಲ್ಲದಿದ್ದರೆ ನಡುಹಗಲ ಬಿಸಿಲು ಒಂದು ಗಂಟೆಯೊಳಗೆ ಅರ್ಧ ಕ್ಲೋರಿನ್ ತಿನ್ನುತ್ತದೆ. 30 ಪಿಪಿಎಂಗೆ 1.2 ಕಿಲೋ ಬೇಕು. ಇದು ಬಹಳ ನಿಧಾನ ಕರಗುವ ಪುಡಿ, ನೇರ ಎರಚಿದರೆ ತಳದಲ್ಲಿ ಕೂರುತ್ತದೆ. ಹಳೆಯ ಕಾಲುಚೀಲಕ್ಕೆ ತುಂಬಿ ಗಂಟು ಹಾಕಿ, ನಾಝಲ್ ಎದುರು ನೇತುಬಿಡಿ, ಆಗಾಗ ಹಿಂಡಿ. ಎರಡು ಮೂರು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಕಿಟ್ ಪೂರ್ತಿ ಅಂಕಿ ತೋರಿಸುವುದಿಲ್ಲ, ಇನ್ನಷ್ಟು ಹಾಕಬೇಡಿ. ಚಾವಣಿಯ ಕೆಳಗಿನ ಕೊಳಕ್ಕೆ ಇದು ಬೇಕಾಗುವುದಿಲ್ಲ. ಕ್ಷಾರೀಯತೆಯ ಪರೀಕ್ಷೆಯಲ್ಲಿ ಇದರ ಮೂರನೇ ಒಂದು ಭಾಗ ಸೇರಿಕೊಳ್ಳುತ್ತದೆ ಎಂಬುದು ನೆನಪಿರಲಿ: 30 ಇದ್ದರೆ, ಕಿಟ್ 90 ತೋರಿಸಿದರೂ ನಿಜವಾದದ್ದು 80.

ಕ್ಷಾರೀಯತೆ, ಪಿಎಚ್ ನಿಂತ ಮೇಲೆ ಒಂದು ಸಂಜೆ 4 ಲೀಟರ್ ದ್ರವ ಕ್ಲೋರಿನ್ ಹಾಕಿ 10 ಪಿಪಿಎಂಗೆ ಏರಿಸಿ. ಕತ್ತಲಾದ ಮೇಲೆ ಒಮ್ಮೆ, ಮರುದಿನ ಸೂರ್ಯ ಹುಟ್ಟುವ ಮುಂಚೆ ಒಮ್ಮೆ ಅಳೆಯಿರಿ. ರಾತ್ರಿಯಲ್ಲಿ 1 ಪಿಪಿಎಂಗಿಂತ ಹೆಚ್ಚು ಇಳಿದಿಲ್ಲ, ಒಟ್ಟು ಕ್ಲೋರಿನ್‌ಗೂ ಫ್ರೀ ಕ್ಲೋರಿನ್‌ಗೂ ಅಂತರ 0.5 ಮೀರಿಲ್ಲ ಎಂದಾದರೆ ನೀರಿನಲ್ಲಿ ಕ್ಲೋರಿನ್ ತಿನ್ನುವ ಕೊಳೆ ಉಳಿದಿಲ್ಲ. ಹೆಚ್ಚು ಇಳಿದಿದ್ದರೆ ಮತ್ತೆ 10ಕ್ಕೆ ಏರಿಸಿ, ಮರುರಾತ್ರಿ ನೋಡಿ. ಟ್ಯಾಂಕರ್ ನೀರಿಗೆ ಕೊಳಚೆ ಸೋಂಕಿ ಅಮೋನಿಯ ಬಂದಿದ್ದರೆ 1 ಪಿಪಿಎಂಗೆ ಸುಮಾರು 10 ಪಿಪಿಎಂ ಕ್ಲೋರಿನ್ ಖರ್ಚಾಗುತ್ತದೆ, ಹಾಕಿದ್ದೆಲ್ಲ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಬಹಳ ಸಲ ಉತ್ತರ ಅದೇ. ಕ್ಲೋರಿನ್ 4ಕ್ಕೆ ಇಳಿದ ಮೇಲೆ, ಪಿಎಚ್ 7.2ರಿಂದ 7.8ರ ಒಳಗಿದ್ದರೆ, ಮಕ್ಕಳನ್ನು ನೀರಿಗೆ ಬಿಡಬಹುದು.

ಕರಾವಳಿ, ಮಲೆನಾಡಿನಲ್ಲಿ ಎಲ್ಲ ಉಲ್ಟಾ

ಮುರಕಲ್ಲಿನ ನೆಲದ ಬಾವಿ ನೀರು ಮೆದು, ಹುಳಿ. ಪಿಎಚ್ 6ರ ಸುತ್ತ, ಕ್ಷಾರೀಯತೆ 20, ಕ್ಯಾಲ್ಸಿಯಂ 20 ಇದ್ದರೂ ಆಶ್ಚರ್ಯವಿಲ್ಲ. ಅಂಥ ನೀರು ಸುಣ್ಣ ಕಟ್ಟುವ ಬದಲು ಗ್ರೌಟಿನಿಂದ ಸುಣ್ಣ ಕಿತ್ತು ತಿನ್ನುತ್ತದೆ. ಅಲ್ಲಿ ಅಡುಗೆ ಸೋಡಾ ಬೇಕು: 40,000 ಲೀಟರಿಗೆ 670 ಗ್ರಾಂ ಹಾಕಿದರೆ ಕ್ಷಾರೀಯತೆ 10 ಏರುತ್ತದೆ, 20ರಿಂದ 80ಕ್ಕೆ 4 ಕಿಲೋ. ವಾಷಿಂಗ್ ಸೋಡಾ ಬೇರೆ ವಸ್ತು, ಪಿಎಚ್ಚನ್ನು ಜೋರಾಗಿ ಏರಿಸುತ್ತದೆ, ಅದಲುಬದಲು ಮಾಡಬೇಡಿ. ಒಂದು ದಿನ ಬಿಟ್ಟು ಕ್ಯಾಲ್ಸಿಯಂ ಕ್ಲೋರೈಡ್ ಚಕ್ಕೆ, 590 ಗ್ರಾಂಗೆ 10 ಪಿಪಿಎಂ. 200ಕ್ಕೆ ಏರಿಸಲು ಹತ್ತೂವರೆ ಕಿಲೋ ಬೇಕು, ಎರಡು ಮೂರು ಕಂತಿನಲ್ಲಿ ಹಾಕಿ. ಬಕೆಟ್ಟಿನಲ್ಲಿ ಕರಗಿಸುವಾಗ ಕೈಸುಡುವಷ್ಟು ಬಿಸಿಯಾಗುತ್ತದೆ, ನೀರಿಗೆ ಚಕ್ಕೆಯನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಸೋಡಾ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ಹಾಕಿದರೆ ಕೊಳದಲ್ಲೇ ಸುಣ್ಣ ತಯಾರಾಗುತ್ತದೆ. ಈ ಕಡೆಯ ನೀರಿನಲ್ಲಿ ಕಬ್ಬಿಣವೂ ಇರುವುದುಂಟು, ಬಕೆಟ್ ಪರೀಕ್ಷೆ ಬಿಡಬೇಡಿ.

ಕೆಟ್ಟರೆ ಎಲ್ಲಿ ನೋಡಬೇಕು

ಹಾಲಿನಂಥ ಬಿಳುಪು: ಒಂದು ಗಾಜಿನ ಲೋಟದಲ್ಲಿ ಕೊಳದ ನೀರು ತೆಗೆದು ಕೆಲವು ಹನಿ ಆ್ಯಸಿಡ್ ಬಿಡಿ. ಕಣ್ಣೆದುರೇ ತಿಳಿಯಾದರೆ ಸುಣ್ಣ. ಪಿಎಚ್ ಇಳಿಸಿ, ಫಿಲ್ಟರ್ ಓಡಿಸಿ, ಬೇರೇನೂ ಬೇಡ. ತಿಳಿಯಾಗದಿದ್ದರೆ ಸಣ್ಣ ಮಣ್ಣು ಅಥವಾ ಸತ್ತ ಪಾಚಿ. ಅದಕ್ಕೆ ಪಟಕ: 40,000 ಲೀಟರಿಗೆ ಒಂದು ಕಿಲೋ ಕರಗಿಸಿ ಹರಡಿ, ಫಿಲ್ಟರಿನ ಮಲ್ಟಿಪೋರ್ಟ್ ವಾಲ್ವನ್ನು (ನೀರಿನ ದಾರಿ ಬದಲಿಸುವ ಹಿಡಿಕೆಯನ್ನು) ರೀಸರ್ಕ್ಯುಲೇಟ್‌ಗೆ ತಿರುಗಿಸಿ ಒಂದು ಗಂಟೆ ಓಡಿಸಿ, ಆಮೇಲೆ ಪಂಪ್ ನಿಲ್ಲಿಸಿ ರಾತ್ರಿ ಬಿಡಿ. ಬೆಳಗ್ಗೆ ತಳದಲ್ಲಿ ಹತ್ತಿಯಂಥ ಗಸಿ ಕೂತಿರುತ್ತದೆ. ವಾಲ್ವ್ ವೇಸ್ಟ್‌ನಲ್ಲಿಟ್ಟು ನಿಧಾನವಾಗಿ ವ್ಯಾಕ್ಯೂಮ್ ಮಾಡಿ. ಫಿಲ್ಟರ್ ಮೂಲಕ ಎಳೆದರೆ ಮರಳು ಅಂಟುಗಟ್ಟುತ್ತದೆ. ಪಿಎಚ್ 8 ಇರುವಾಗ ಪಟಕ ಸರಿಯಾಗಿ ಕೆಲಸ ಮಾಡುವುದಿಲ್ಲ, ಮೊದಲು 7.5ರ ಹತ್ತಿರ ತನ್ನಿ.

ಹಸಿರು ಬಣ್ಣ, ಆದರೆ ತಳ ಸ್ಪಷ್ಟ: ಲೋಹ. ಹಸಿರು ಮತ್ತು ಮಬ್ಬು, ಗೋಡೆ ಜಾರು: ಪಾಚಿ. ಮೊದಲನೆಯದಕ್ಕೆ ಕ್ಲೋರಿನ್ ಏರಿಸಿದರೆ ಕೆಡುತ್ತದೆ, ಎರಡನೆಯದಕ್ಕೆ ಏರಿಸದಿದ್ದರೆ ಕೆಡುತ್ತದೆ.

ಗೋಡೆಯ ಕಂದು ಕಲೆ: ಔಷಧಿ ಅಂಗಡಿಯ ವಿಟಮಿನ್ ಸಿ ಮಾತ್ರೆಯೊಂದನ್ನು ಕಲೆಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅಡಿಯಲ್ಲಿ ಬಿಳಿ ಗುಂಡು ಗುರುತು ಬಿದ್ದರೆ ಕಬ್ಬಿಣ.

ನೀರಿನ ಮಟ್ಟದ ಬಿಳಿ ಗೆರೆ: ಹೊಸದಿದ್ದಾಗ ನಿಂಬೆಹಣ್ಣಿನ ಹೋಳು ಉಜ್ಜಿದರೆ ಸಣ್ಣಗೆ ಗುಳ್ಳೆ ಬಂದು ಬಿಡುತ್ತದೆ. ತಿಂಗಳು ಬಿಟ್ಟರೆ ಕೆರೆಯಬೇಕಾಗುತ್ತದೆ, ಟೈಲ್ಸಿನ ಹೊಳಪೂ ಹೋಗುತ್ತದೆ.

ಹೊಸದಾಗಿ ಗ್ರೌಟ್ ಮಾಡಿಸಿದ ಕೊಳದಲ್ಲಿ ಪಿಎಚ್ ಮತ್ತೆ ಮತ್ತೆ ಏರುವುದು ಸಹಜ, ಸಿಮೆಂಟ್ ಕೆಲವು ವಾರ ಸುಣ್ಣ ಬಿಡುತ್ತಿರುತ್ತದೆ. ಎರಡು ದಿನಕ್ಕೊಮ್ಮೆ ಅಳೆದು ಅರ್ಧ ಲೀಟರ್ ಆ್ಯಸಿಡ್ ಹಾಕುತ್ತಿದ್ದರೆ ಸಾಕು.

ಆವಿಯಾದ ನೀರು ಬಿಟ್ಟುಹೋಗುವ ಉಪ್ಪು

ನೀರು ಆವಿಯಾಗುತ್ತದೆ, ಸುಣ್ಣ ಆವಿಯಾಗುವುದಿಲ್ಲ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಇಳಿದರೆ 32 ಚದರ ಮೀಟರಿನ ಕೊಳದಿಂದ 160 ಲೀಟರ್, ತಿಂಗಳಿಗೆ 4,800 ಲೀಟರ್. ಅದನ್ನು ಅದೇ ಬೋರ್‌ವೆಲ್ ನೀರಿನಿಂದ ತುಂಬಿದರೆ ತಿಂಗಳಿಗೆ ಕ್ಯಾಲ್ಸಿಯಂ 36 ಪಿಪಿಎಂ, ಕ್ಷಾರೀಯತೆ 38 ಪಿಪಿಎಂ ಸೇರುತ್ತದೆ. ಕ್ಷಾರೀಯತೆಗೆ ತಿಂಗಳಿಗೆ 3 ಲೀಟರ್ ಆ್ಯಸಿಡ್ ಹಾಕಿ ನಿಭಾಯಿಸಬಹುದು, ಕ್ಯಾಲ್ಸಿಯಂ ಮಾತ್ರ ಕೂಡುತ್ತಲೇ ಹೋಗುತ್ತದೆ. 500 ದಾಟಿದರೆ ಕ್ಷಾರೀಯತೆಯನ್ನು 70ಕ್ಕೆ, ಪಿಎಚ್ಚನ್ನು 7.4ಕ್ಕೆ ಇಳಿಸಿ ಇನ್ನೂ ಕೆಲವು ಕಾಲ ನಡೆಸಬಹುದು.

ಮನೆಯ ಸಾಫ್ಟ್‌ನರ್ ಮೂಲಕ ತುಂಬಿದರೆ ಕ್ಯಾಲ್ಸಿಯಂ ಬರುವುದಿಲ್ಲ, ಆದರೆ ಕ್ಷಾರೀಯತೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ, ಆ್ಯಸಿಡ್ ಲೆಕ್ಕ ಹಾಗೇ ಇರುತ್ತದೆ. ಎರಡಕ್ಕೂ ಮದ್ದು ಮಳೆನೀರು. 100 ಚದರ ಮೀಟರಿನ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1,000 ಲೀಟರ್. ಮೊದಲ ಮಳೆಯ ದೂಳು ನೀರು ಹೊರಗೆ ಬಿಟ್ಟು, ಜಾಲರಿ ಮತ್ತು ಮರಳಿನ ಸೋಸುವಿಕೆ ದಾಟಿಸಿ, ಮೇ ತಿಂಗಳಿನ ಮಳೆಯಿಂದಲೇ ಕೊಳಕ್ಕೆ ಸೇರಿಸುತ್ತ ಬನ್ನಿ. ಫಿಲ್ಟರ್ ಬ್ಯಾಕ್‌ವಾಶ್ ಮಾಡಿ (ಉಲ್ಟಾ ನೀರು ಹಾಯಿಸಿ ತೊಳೆದು) ಹೊರಹೋದ ಹಳೆಯ ನೀರಿನ ಜಾಗಕ್ಕೆ ಮಳೆನೀರು ಬಂದಷ್ಟೂ ಗಡಸುತನ ಇಳಿಯುತ್ತದೆ: 500 ಇರುವ ಕೊಳದಲ್ಲಿ ಐದನೇ ಒಂದು ಭಾಗ ಬದಲಾದರೆ 400. ಬಳಸದ ದಿನಗಳಲ್ಲಿ ಕೊಳಕ್ಕೆ ಹೊದಿಕೆ ಹಾಕಿ, ಆವಿಯಾಗುವುದು ತಗ್ಗಿದಷ್ಟೂ ಬೋರ್‌ವೆಲ್ ನೀರು ಕಡಿಮೆ ಬೇಕಾಗುತ್ತದೆ. ಟೈಲ್ಸಿನ ಮೇಲೆ ನೀರಿನ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದು, ವಾರಕ್ಕೆ ಎಷ್ಟು ಇಳಿಯಿತು, ಎಷ್ಟು ತುಂಬಿದಿರಿ, ಆ ದಿನದ ಐದು ಅಂಕಿಗಳೇನು ಎಂದು ಪಂಪ್ ರೂಮಿನ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.